ಓಝೋನ್ ಅಳೆಯೋ ಉಪಗ್ರಹ ಮೇಲೆ ಹೋದ್ಮೇಲೆ ಅದರ ಅಳತೆ ಸರಿ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಚಾಮುಂಡಿ_ತಪ್ಪಲು

ಎಲ್ರಿಗೂ ನಮಸ್ಕಾರ. ನಾನು ಫಿಸಿಕ್ಸ್ ಎಂಎಸ್ಸಿ ಎರಡನೇ ವರ್ಷ. ಪ್ರಾಜೆಕ್ಟ್‌ಗೆ ದಕ್ಷಿಣ ಭಾರತದ ಮೇಲೆ ಓಝೋನ್ 1979ರಿಂದ ಹೇಗೆ ಬದಲಾಗಿದೆ ಅಂತ ನೋಡ್ತಿದೀನಿ. ನಾಸಾದ ಟಾಮ್ಸ್ (ಉಪಗ್ರಹದಿಂದ ಓಝೋನ್ ಅಳೆಯೋ ಉಪಕರಣ) ಡೇಟಾ ಇದೆ, 2004ರಿಂದ ಈಚೆಗೆ ಅದೇ ಕೆಲಸದ ಹೊಸ ಉಪಕರಣ ಓಎಂಐ ಡೇಟಾ ಇದೆ, ಕೊಡೈಕನಾಲ್‌ನಲ್ಲಿ ಡಾಬ್ಸನ್ ಅನ್ನೋ ಉಪಕರಣದಲ್ಲಿ ನೆಲದಿಂದ ಅಳೆದಿರೋ ಡೇಟಾನೂ ಸಿಗುತ್ತೆ, ಎಲ್ಲಾ ಸೇರಿಸಿ ಒಂದೇ ಗ್ರಾಫ್ ಹಾಕೋಣ ಅಂತ ಹೊರಟೆ. ಗೈಡ್ ಮೇಡಂ ನೋಡಿ, ಮೊದ್ಲು ಕ್ಯಾಲಿಬ್ರೇಶನ್ (ಉಪಕರಣದ ಅಳತೆ ಸರಿ ಇದೆಯಾ ಅಂತ ನೋಡಿ ಹೊಂದಿಸೋದು) ಬಗ್ಗೆ ಓದ್ಕೊಂಡು ಬಾ, ಟ್ರೆಂಡ್ ವಿಷ್ಯ ಆಮೇಲೆ ಅಂದ್ರು.

ಓದ್ತಾ ಹೋದಷ್ಟೂ ಗೊಂದಲ. ಲ್ಯಾಬಲ್ಲಾದ್ರೆ ಸ್ಪೆಕ್ಟ್ರೋಮೀಟರ್ ಮುಂದೆ ಗೊತ್ತಿರೋ ದೀಪ ಇಟ್ಟು ಸರಿ ಮಾಡ್ಕೋತೀವಿ. ನೂರಾರು ಕಿಲೋಮೀಟರ್ ಮೇಲೆ ಸುತ್ತುತ್ತಿರೋದರ ಮುಂದೆ ದೀಪ ಇಡೋರು ಯಾರು? ಸೂರ್ಯನ್ನ ನೋಡಿ ಸರಿ ಮಾಡ್ಕೊಳುತ್ತೆ ಅಂತಾರೆ, ಆದ್ರೆ ಸೂರ್ಯನ ಯುವಿ ಬೆಳಕೇ 11 ವರ್ಷದ ಚಕ್ರದಲ್ಲಿ ಏರಿಳಿಯುತ್ತಲ್ಲ? ಇನ್ನೊಂದು, ಉಪಗ್ರಹ ಮತ್ತೆ ಕೊಡೈಕನಾಲ್ ಎರಡೂ ಒಂದೇ ನಂಬರ್ ಕೊಡ್ಬೇಕಾ? ಕೊಡದಿದ್ರೆ ಯಾವುದನ್ನ ನಂಬೋದು? ಗೊತ್ತಿರೋರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ತರಂಗಾಂತರ

ನಿಮ್ಮ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಉಪಗ್ರಹದ ಯುವಿ ಡೇಟಾ ಜೊತೆನೇ ಕೆಲಸ ಮಾಡೋನು, ಈ ವಿಷ್ಯ ಬಂದ್ರೆ ಸುಮ್ನಿರಕ್ಕಾಗಲ್ಲ, ಸ್ವಲ್ಪ ಉದ್ದ ಆಗುತ್ತೆ.

ಸೂರ್ಯನ ಪ್ರಶ್ನೆ ಮೊದ್ಲು. ಉಪಕರಣಕ್ಕೆ ಸೂರ್ಯ ಎಷ್ಟು ಪ್ರಕಾಶಮಾನ ಅಂತ ಗೊತ್ತಿರಬೇಕಾಗೇ ಇಲ್ಲ. ಅದು ಮಾಡೋದು ಭಾಗಾಕಾರ. ಭೂಮಿಯಿಂದ ಚದುರಿ ವಾಪಸ್ ಬರೋ ಬೆಳಕನ್ನ, ಸೂರ್ಯನಿಂದ ನೇರ ಬರೋ ಬೆಳಕಿಂದ ಭಾಗಿಸುತ್ತೆ. ಓಝೋನ್ ಯುವಿ ನುಂಗೋದ್ರಿಂದ, ಎಷ್ಟು ಪಾಲು ವಾಪಸ್ ಬಂತು ಅಂತ ನೋಡಿ ಓಝೋನ್ ಎಷ್ಟಿದೆ ಅಂತ ಲೆಕ್ಕ ಹಾಕ್ತಾರೆ. ಎರಡನ್ನೂ ನೋಡೋದು ಅದೇ ಕನ್ನಡಿ, ಬೆಳಕನ್ನ ತರಂಗಾಂತರವಾಗಿ ಬಿಡಿಸೋ ಅದೇ ಗ್ರೇಟಿಂಗ್, ಬೆಳಕು ಹಿಡಿಯೋ ಅದೇ ಡಿಟೆಕ್ಟರ್ (ಫೋಟೋಮಲ್ಟಿಪ್ಲೈಯರ್). ಡಿಟೆಕ್ಟರ್ ಹಳೇದಾಗಿ ಹತ್ತು ಪರ್ಸೆಂಟ್ ಮಂಕಾಯ್ತು ಅನ್ಕೊಳಿ, ಮೇಲೂ ಕೆಳಗೂ ಹತ್ತು ಪರ್ಸೆಂಟ್ ಕಮ್ಮಿ ಆಗಿ ಹೊಡ್ದುಹೋಗುತ್ತೆ. ಸೂರ್ಯನ ಏರಿಳಿತಾನೂ ಹಾಗೇ ಹೋಗುತ್ತೆ, ಅದೂ ಅಲ್ಲದೆ ಟೋಟಲ್ ಓಝೋನ್‌ಗೆ ಬೇಕಾಗಿರೋ 300 ನ್ಯಾನೋಮೀಟರ್ ಮೇಲಿನ ಭಾಗದಲ್ಲಿ ಸೂರ್ಯ ಇಡೀ ಚಕ್ರದಲ್ಲಿ ಒಂದು ಪರ್ಸೆಂಟ್‌ಗಿಂತ ಕಮ್ಮಿನೇ ಬದಲಾಗೋದು.

ಹಾಗಾದ್ರೆ ತಲೆನೋವು ಎಲ್ಲಿ? ಡಿಫ್ಯೂಸರ್ ಅನ್ನೋ ಒಂದು ತಟ್ಟೆಯಲ್ಲಿ. ಭೂಮಿಯ ಬೆಳಕಿಗೆ ಹೋಲಿಸಿದ್ರೆ ಸೂರ್ಯ ವಿಪರೀತ ಪ್ರಖರ, ನೇರ ನೋಡೋ ಹಾಗಿಲ್ಲ, ಅದಕ್ಕೆ ಉಜ್ಜಿ ತರಿತರಿ ಮಾಡಿರೋ ಅಲ್ಯುಮಿನಿಯಂ ತಟ್ಟೆ ಒಂದನ್ನ ಆಗಾಗ ಹೊರಗೆ ಚಾಚಿ, ಅದರ ಮೇಲೆ ಬಿದ್ದು ಚದುರಿದ ಬಿಸಿಲನ್ನ ನೋಡ್ತಾರೆ. ಬೆಳಕಿನ ದಾರಿಯಲ್ಲಿ ಸೂರ್ಯನ ಅಳತೆಗೆ ಮಾತ್ರ ಇರೋ, ಭೂಮಿ ಅಳತೆಗೆ ಇಲ್ಲದೇ ಇರೋ ಭಾಗ ಅಂದ್ರೆ ಇದೊಂದೇ. ಹಾಗಾಗಿ ಭಾಗಾಕಾರದಲ್ಲಿ ಹೊಡ್ದುಹೋಗದೇ ಉಳ್ಕೊಳೋದೂ ಇದೊಂದೇ.

ನಾಸಾದ ನಿಂಬಸ್-7 ಉಪಗ್ರಹ ಹೋಗಿದ್ದು 1978ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಟಾಮ್ಸ್ ಮತ್ತೆ ಎಸ್‌ಬಿಯುವಿ ಅಂತ ಓಝೋನ್ ಅಳೆಯೋ ಎರಡು ಉಪಕರಣ, ಎರಡಕ್ಕೂ ಸೇರಿ ಇದ್ದಿದ್ದು ಒಂದೇ ಡಿಫ್ಯೂಸರ್. ಉಪಗ್ರಹದ ಅಂಟು, ಬಣ್ಣ, ವೈರ್ ಕವಚ ಇವುಗಳಿಂದ ನಿರ್ವಾತದಲ್ಲಿ ಸಾವಯವ ಆವಿ ಹೊರಡ್ತಾನೇ ಇರುತ್ತೆ, ಅದು ತಟ್ಟೆ ಮೇಲೆ ತೆಳ್ಳಗೆ ಕೂರುತ್ತೆ, ಮೇಲೆ ಕಡು ಯುವಿ ಬಿದ್ದಾಗ ಗಟ್ಟಿಯಾಗಿ ಕಂದು ಪದರ ಆಗುತ್ತೆ. ಆ ಪದರ ಕಿರಿ ತರಂಗಾಂತರನ ಜಾಸ್ತಿ ನುಂಗುತ್ತೆ, ಹಿರಿದನ್ನ ಕಮ್ಮಿ. ಈಗ ಲೆಕ್ಕ ಹಾಕಿ. ತಟ್ಟೆ ಕಂದಾದ್ರೆ 312.5 ನ್ಯಾನೋಮೀಟರ್‌ನಲ್ಲಿ ಸೂರ್ಯ ಮಂಕಾದ ಹಾಗೆ ಕಾಣುತ್ತೆ, ಭಾಗಾಕಾರದ ಕೆಳಗಿನ ಸಂಖ್ಯೆ ಚಿಕ್ಕದಾಗುತ್ತೆ, ಅನುಪಾತ ದೊಡ್ಡದಾಗುತ್ತೆ, ಅಂದ್ರೆ ಭೂಮಿಯಿಂದ ಆ ತರಂಗಾಂತರದ ಬೆಳಕು ಜಾಸ್ತಿ ವಾಪಸ್ ಬರ್ತಿದೆ ಅಂತ ಅನ್ಸುತ್ತೆ. ಜಾಸ್ತಿ ಬರ್ತಿದೆ ಅಂದ್ರೆ ನುಂಗೋ ಓಝೋನ್ ಕಮ್ಮಿ ಆಗಿದೆ ಅಂತ ತಾನೇ ಅರ್ಥ? ತಟ್ಟೆ ಕಂದಾಗ್ತಿದ್ರೆ ಇಡೀ ಭೂಮಿಯ ಓಝೋನ್ ವರ್ಷ ವರ್ಷ ಇಳೀತಿದೆ ಅಂತ ಗ್ರಾಫ್ ಬರುತ್ತೆ!

ಬಂತು ಕೂಡ. ಓಝೋನ್ ಕೆಡಿಸೋ ಸಿಎಫ್‌ಸಿ ಅನಿಲಗಳ ಬಗ್ಗೆ ಜಗತ್ತೇ ಜಗಳ ಆಡ್ತಿದ್ದ ಕಾಲ, 1980ರ ದಶಕದ ಮಧ್ಯ. ಆರ್ಕೈವ್‌ನಲ್ಲಿದ್ದ ಉಪಗ್ರಹ ಡೇಟಾ ತುಂಬಾ ದೊಡ್ಡ ಕುಸಿತ ತೋರಿಸ್ತಿತ್ತು. ಓಝೋನ್ ಟ್ರೆಂಡ್ಸ್ ಪ್ಯಾನೆಲ್ ಅಂತ ಒಂದು ಸಮಿತಿ ಕೂತು, ನೆಲದ ಡಾಬ್ಸನ್ ಉಪಕರಣಗಳ ಜೊತೆ ಇಟ್ಟು ನೋಡಿ, 1988ರಲ್ಲಿ ಹೇಳ್ತು: ಈ ಕುಸಿತದಲ್ಲಿ ದೊಡ್ಡ ಪಾಲು ಡಿಫ್ಯೂಸರ್‌ದು. ಅದನ್ನ ತೆಗೆದ್ರೂ ಕುಸಿತ ಉಳೀತು, ಆದ್ರೆ ಚಿಕ್ಕದು. ಆ ಚಿಕ್ಕದೇ ನಿಜ. ಅದನ್ನ ಯಾರೂ ಅಲ್ಲಾಡಿಸೋಕೆ ಆಗ್ಲಿಲ್ಲ, ಯಾಕಂದ್ರೆ ಅಷ್ಟು ಕಟುವಾಗಿ ಪರೀಕ್ಷೆ ಮಾಡಿ ಉಳಿಸ್ಕೊಂಡಿದ್ದು.

ನಾವು ಹುಡುಕ್ತಿರೋದು ದಶಕಕ್ಕೆ ಒಂದೆರಡು ಪರ್ಸೆಂಟ್ ಬದಲಾವಣೆ. ಹಾಗಾಗಿ ಉಪಕರಣ ಮೊದಲ ದಿನದಿಂದ್ಲೇ ಎರಡು ಪರ್ಸೆಂಟ್ ಜಾಸ್ತಿ ಓದ್ತಿದ್ರೂ ಪರವಾಗಿಲ್ಲ, ಆದ್ರೆ ಆ ಎರಡು ಹತ್ತು ವರ್ಷ ಆದ್ಮೇಲೂ ಎರಡಾಗೇ ಇರಬೇಕು. ಇದೇ ಇಡೀ ಕಥೆಯ ತಿರುಳು.

ಚಾಮುಂಡಿ_ತಪ್ಪಲು

ಸರ್, ತುಂಬಾ ಚೆನ್ನಾಗಿ ಹೇಳಿದ್ರಿ, ಅನುಪಾತದ ವಿಷ್ಯ ಈಗ ತಲೆಗೆ ಹೋಯ್ತು. ಆದ್ರೆ ತಟ್ಟೆ ಕಂದಾಗಿದೆ ಅಂತ ಭೂಮಿ ಮೇಲೆ ಕೂತು ಹೇಗೆ ಪತ್ತೆ ಮಾಡೋದು? ನಿಜವಾಗ್ಲೂ ಓಝೋನೇ ಇಳಿದಿದ್ರೆ?

ತರಂಗಾಂತರ

ಸರಿಯಾದ ಪ್ರಶ್ನೆ. ಒಂದು ದಾರಿ ಸಾಲಲ್ಲ ಅನ್ನೋದೇ ಉತ್ತರ, ನಾಲ್ಕೈದು ಬೇರೆ ಬೇರೆ ದಾರಿ ಇಟ್ಕೊಂಡು ಎಲ್ಲಾ ಒಂದೇ ಕಡೆ ಬಂದು ಸೇರುತ್ತಾ ಅಂತ ನೋಡ್ತಾರೆ.

ನಿಂಬಸ್-7ರ ಕಾಲದಲ್ಲೇ ಒಂದು ಉಪಾಯ ಮಾಡಿದ್ರು. ತಟ್ಟೆ ಕೆಡೋದು ಅದು ಬಿಸಿಲಿಗೆ ಬಿದ್ದ ಗಂಟೆಗಳ ಲೆಕ್ಕದಲ್ಲಿ, ಬಾಕಿ ಉಪಕರಣ ಕೆಡೋದು ಬೇರೆ ಲೆಕ್ಕದಲ್ಲಿ. ಅದಕ್ಕೆ ಕೆಲವು ಅವಧಿಗಳಲ್ಲಿ ಬೇಕಂತ್ಲೇ ತಟ್ಟೆನ ಪದೇ ಪದೇ ಹೊರಗೆ ಚಾಚಿ, ಆ ಹೊತ್ತಲ್ಲಿ ಸಿಗ್ನಲ್ ಎಷ್ಟು ಬೇಗ ಇಳಿಯುತ್ತೆ ಅಂತ ನೋಡಿ, ಎರಡನ್ನೂ ಬೇರೆ ಮಾಡಿದ್ರು. ಕ್ಯಾಲಿಬ್ರೇಶನ್‌ಗೋಸ್ಕರ ಕ್ಯಾಲಿಬ್ರೇಶನ್ ತಟ್ಟೆಯ ಆಯಸ್ಸನ್ನೇ ಖರ್ಚು ಮಾಡೋದು, ನನಗೆ ತುಂಬಾ ಇಷ್ಟದ ಪ್ರಯೋಗ ಅದು.

ಆಮೇಲೆ ಜೋಡಿ ವಿಧಾನ. ಟಾಮ್ಸ್‌ನಲ್ಲಿ 312.5ರಿಂದ 380 ನ್ಯಾನೋಮೀಟರ್‌ವರೆಗೆ ಆರು ತರಂಗಾಂತರ. ಒಂದು ಜೋಡಿಯಿಂದ ಓಝೋನ್ ಲೆಕ್ಕ ಹಾಕ್ಬಹುದು, ಇನ್ನೊಂದು ಜೋಡಿಯಿಂದನೂ ಹಾಕ್ಬಹುದು. ಗಾಳಿಯಲ್ಲಿರೋ ಓಝೋನ್ ಒಂದೇ ಆದ್ದರಿಂದ ಉತ್ತರ ಎರಡೂ ಒಂದೇ ಬರಬೇಕು. ತಟ್ಟೆ ಕಂದಾಗಿದ್ರೆ ಒಂದೊಂದು ಜೋಡಿಗೆ ಒಂದೊಂದು ಥರ ಪೆಟ್ಟು ಬಿದ್ದು, ವರ್ಷ ಕಳೆದ ಹಾಗೆ ಉತ್ತರಗಳು ದೂರ ದೂರ ಹೋಗ್ತಾವೆ. ಆ ದೂರ ನೋಡಿ ತಿದ್ದುಪಡಿ ತೆಗೀಬಹುದು, ನೆಲದ ಸಹಾಯ ಇಲ್ಲದೇನೇ. ಟಾಮ್ಸ್ ಡೇಟಾದ 6ನೇ ವರ್ಷನ್ ಹೀಗೇ ತಯಾರಾಗಿದ್ದು.

ಮೂರನೇದು ಶಟಲ್. ಎಸ್‌ಬಿಯುವಿ ಥರದ್ದೇ ಇನ್ನೊಂದು ಉಪಕರಣನ ಲ್ಯಾಬಲ್ಲಿ ಪ್ರಮಾಣ ದೀಪಗಳ ಮುಂದೆ ಸರಿ ಮಾಡಿ, ಸ್ಪೇಸ್ ಶಟಲ್‌ನ ಕಾರ್ಗೋ ಜಾಗದಲ್ಲಿಟ್ಟು ಮೇಲೆ ಕಳ್ಸಿ, ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಉಪಗ್ರಹ ಅಳೆಯೋ ಜಾಗನೇ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಳೆದು, ವಾಪಸ್ ತಂದು ಮತ್ತೆ ಅದೇ ದೀಪಗಳ ಮುಂದೆ ಇಟ್ಟು ನೋಡೋದು. 1989ರ ಅಕ್ಟೋಬರ್‌ನಿಂದ 1996ರ ಜನವರಿವರೆಗೆ ಎಂಟು ಸಲ ಹೋಗಿಬಂತು. ನೀವು ಕೇಳಿದ್ರಲ್ಲ ಮೇಲೆ ದೀಪ ಇಡೋರು ಯಾರು ಅಂತ, ಅದಕ್ಕೆ ಎಲ್ಲಕ್ಕಿಂತ ಹತ್ತಿರದ ಉತ್ತರ ಇದು.

ನಾಲ್ಕನೇದು, ಒಂದರ ಬದ್ಲು ಮೂರು ತಟ್ಟೆ. 1991ರ ಆಗಸ್ಟ್ 15ಕ್ಕೆ ಸೋವಿಯತ್ ರಾಕೆಟ್‌ನಲ್ಲಿ ಮೀಟಿಯೋರ್-3 ಉಪಗ್ರಹದ ಜೊತೆ ಅಮೆರಿಕದ ಟಾಮ್ಸ್ ಒಂದು ಹೋಯ್ತು (ಅಲ್ಲಿಂದ ನಾಲ್ಕೇ ದಿನಕ್ಕೆ ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿ ಯತ್ನ ಆಯ್ತು, ಉಪಕರಣ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡ್ತಿತ್ತು). ಅದರಲ್ಲಿ ಒಂದು ತಟ್ಟೆ ಯಾವಾಗ್ಲೂ ಹೊರಗೇ ಇರೋದು, ಒಂದು ಕೆಲಸದ್ದು, ಇನ್ನೊಂದನ್ನ ಬಹಳ ಅಪರೂಪಕ್ಕೆ ಮಾತ್ರ ಬಿಸಿಲಿಗೆ ತರೋದು. ಜೋಪಾನ ಮಾಡಿದ ತಟ್ಟೆ ಜೊತೆ ಹೋಲಿಸಿದ್ರೆ ಕೆಲಸದ ತಟ್ಟೆ ಎಷ್ಟು ಕೆಟ್ಟಿದೆ ಅಂತ ನೇರವಾಗಿ ಗೊತ್ತಾಗುತ್ತೆ. ಈಗಿನ ಉಪಕರಣಗಳೆಲ್ಲಾ ಇದೇ ದಾರಿ ಹಿಡಿದಿವೆ. ಓಎಂಐನಲ್ಲೂ ಮೂರಿವೆ, ಕ್ವಾರ್ಟ್ಸ್‌ನದು ದಿನಾ, ಒಂದು ಅಲ್ಯುಮಿನಿಯಂದು ವಾರಕ್ಕೊಂದು ಸಲ, ಇನ್ನೊಂದು ತಿಂಗಳಿಗೊಂದು ಸಲ.

ಕೊನೇದು ಹಿಮ. ಅಂಟಾರ್ಕ್ಟಿಕಾ ಒಳನಾಡಿನ ಹಿಮದ ಬಯಲು ಯುವಿನ ಹತ್ತಿರ ಹತ್ತಿರ 95 ಪರ್ಸೆಂಟ್ ವಾಪಸ್ ಕಳ್ಸುತ್ತೆ, ವರ್ಷದಿಂದ ವರ್ಷಕ್ಕೆ ಅದು ಬದಲಾಗೋದು ತೀರಾ ಕಮ್ಮಿ. ಓಝೋನ್ ನುಂಗದೇ ಇರೋ 360, 380ರ ಹತ್ತಿರ ಆ ಹಿಮ ಮಂಕಾಗ್ತಿರೋ ಹಾಗೆ ಕಂಡ್ರೆ, ದೋಷ ಹಿಮದ್ದಲ್ಲ, ಉಪಕರಣದ್ದು.

ತರಂಗಾಂತರ ಸರೀನಾ ಅಂತ ನೋಡೋದು ಬೇರೆ ಕೆಲಸ, ಅದಕ್ಕೆ ಪಾದರಸದ ದೀಪದ ಗೆರೆಗಳು, ಸೂರ್ಯನ ಬೆಳಕಿನಲ್ಲಿರೋ ಫ್ರೌನ್‌ಹೋಫರ್ ಅನ್ನೋ ಕಪ್ಪು ಗೆರೆಗಳು ಇವೆ. ಅದು ಅಷ್ಟು ಕಷ್ಟ ಇಲ್ಲ, ಬಿಟ್ಬಿಡ್ತೀನಿ.

ಬೆಟ್ಟದ_ಬಿಸಿಲು

ನಮಸ್ಕಾರ್ರಿ. ನಾನು ಹವಾಮಾನ ವೀಕ್ಷಣೆ ಕೆಲಸದಾಗ ಇದ್ದು ರಿಟೈರ್ ಆದಾಂವ, ಡಾಬ್ಸನ್ ಮ್ಯಾಲೆ ಕೆಲಸ ಮಾಡೀನಿ, ಹಂಗಾಗಿ ನೆಲದ ಕಡಿ ಮಾತು ನಾ ಹೇಳತೀನಿ. ಮ್ಯಾಲಿನವರು ಬಾಳ ಚಲೋ ಬರದಾರ, ಆದ್ರ ನೆಲದ ಉಪಕರಣ ಅಂದ್ರ ದೇವರ ವಾಕ್ಯ ಅಂತ ಯಾರೂ ತಿಳ್ಕೋಬ್ಯಾಡ್ರಿ, ಅದಕ್ಕೂ ಕ್ಯಾಲಿಬ್ರೇಶನ್ ಬೇಕ ಬೇಕು.

ಡಾಬ್ಸನ್ ಅಂದ್ರ ಉದ್ದನ್ನ ಪೆಟ್ಟಿಗಿ, ಒಳಗ ಕ್ವಾರ್ಟ್ಸ್ ಪ್ರಿಸಮ್ಮು. ಓಝೋನ್ ಜಾಸ್ತಿ ನುಂಗೂ 305.5 ಮತ್ತ ಕಮ್ಮಿ ನುಂಗೂ 325.4, ಇದು ಎ ಜೋಡಿ. 317.6 ಮತ್ತ 339.8, ಇದು ಡಿ ಜೋಡಿ. ಎರಡೂ ಜೋಡಿ ಕೂಡಿಸಿ ತಗೊಂಡ್ರ ಧೂಳು ಮಂಜಿನ ಪರಿಣಾಮ ಬಹುತೇಕ ಹೋಗಿಬಿಡತದ. ಮೊದಲ ಉಪಕರಣದ ಉಷ್ಣತಾ ನೋಡಿ, ಟೇಬಲ್ ಪ್ರಕಾರ ತರಂಗಾಂತರ ಆರಿಸೂ ಕ್ಯೂ ಲಿವರ್ ಹೊಂದಿಸಬೇಕು. ಮ್ಯಾಲಿನ ಸನ್ ಡೈರೆಕ್ಟರ್ ಸೂರ್ಯನ ಕಡಿ ತಿರುಗಿಸಬೇಕು. ಆಮ್ಯಾಲೆ ಆರ್ ಡಯಲ್ ನಿಧಾನ ತಿರುಗಿಸಿದ್ರ ಒಳಗ ಆಪ್ಟಿಕಲ್ ವೆಜ್ ಸರಿದು, ಜಾಸ್ತಿ ಇದ್ದ ಬೆಳಕು ತಗ್ಗತದ, ಮೀಟರಿನ ಮುಳ್ಳು ಸೊನ್ನಿಗೆ ಬಂದು ನಿಂತ ಕ್ಷಣಕ್ಕ ಡಯಲ್ ಓದಿ ಟೈಮ್ ಬರಕೋಬೇಕು. ಮುಳ್ಳು ಒಂದ ಕಡಿ ನಿಲ್ಲಂಗಿಲ್ಲ, ನಡಗತಿರತದ, ಅದರ ನಡುವನ್ನ ಹಿಡಿಯೂದು ಕೈಗೆ ಬರಬೇಕಾದ ವಿದ್ಯಾ. ತೆಳ್ಳನ ಮೋಡ ಹಾದ್ರ ಆ ಓದು ಬಿಟ್ಟುಬಿಡಬೇಕು. ತಿಂಗಳಿಗೊಮ್ಮೆ ಪಾದರಸದ ದೀಪ ಹಚ್ಚಿ ತರಂಗಾಂತರ ನೋಡಬೇಕು, ಸ್ಟ್ಯಾಂಡರ್ಡ್ ದೀಪ ಹಚ್ಚಿ ವೆಜ್ ನೋಡಬೇಕು.

ಜಗತ್ತಿಗೆ ಮೂಲ ಪ್ರಮಾಣ ಅಂದ್ರ 83ನೇ ನಂಬರಿನ ಡಾಬ್ಸನ್, ಅಮೆರಿಕದ ಬೌಲ್ಡರ್‌ದಾಗ ಅದ. ಅದನ್ನ ಹವಾಯಿಯ ಮೌನಾ ಲೋವಾ ಬೆಟ್ಟಕ್ಕ ಒಯ್ದು, ಮುಂಜಾನಿಯಿಂದ ಸೂರ್ಯ ಏರಿಧಂಗ ಓದು ತಗೊಂಡು, ಗಾಳಿಯ ದಪ್ಪ ಸೊನ್ನಿ ಇದ್ರ ಎಷ್ಟು ಓದತಿತ್ತು ಅಂತ ಗೆರಿ ಎಳದು ತಗೀತಾರ. ಲ್ಯಾಂಗ್ಲಿ ಪ್ಲಾಟ್ ಅಂತಾರ. ದೀಪನೂ ಬ್ಯಾಡ ಮತ್ತೊಂದು ಉಪಕರಣನೂ ಬ್ಯಾಡ. ಉಳದ ಡಾಬ್ಸನ್‌ಗಳನ್ನ ಅದರ ಬಾಜೂಕ, ಇಲ್ಲಾಂದ್ರ ಅದಕ್ಕ ಹೋಲಿಸಿದ ಇನ್ನೊಂದರ ಬಾಜೂಕ ಇಟ್ಟು ಒಂದ ಸೂರ್ಯನ್ನ ನೋಡಿಸಿ ಹೋಲಿಸತಾರ.

ಇನ್ನ ಕೊಡೈಕನಾಲ್ ಮಾತು, ತಮ್ಮಾ. ಅಲ್ಲೆ 1957ರಿಂದ ಓದು ಅದಾವ, ಉಷ್ಣವಲಯದಾಗ ಇಷ್ಟು ಉದ್ದನ ದಾಖಲಾತಿ ಅಪರೂಪ. ಆದ್ರ ಅದು 2,343 ಮೀಟರ್ ಎತ್ತರದಾಗ ಅದ. ಟಾಮ್ಸ್ ನೋಡೂ ಒಂದು ತುಣುಕು ನೆತ್ತಿ ಕೆಳಗ ನೋಡಿದ್ರೂ ಸುಮಾರು 50 ಕಿಲೋಮೀಟರ್ ಚೌಕ, ಅದರೊಳಗ ಕೆಳಗಿನ ಬಯಲೂ ಬಂತು. ಬೆಟ್ಟದ ಕೆಳಗಿನ ಗಾಳಿಯಾಗಿನ ಓಝೋನ್ ಡಾಬ್ಸನ್‌ಗೆ ಕಾಣಂಗಿಲ್ಲ. ಲೆಕ್ಕಾ ಹಾಕ್ರಿ, ಆ ಎತ್ತರದ ಕೆಳಗ ವಾತಾವರಣದ ಸುಮಾರು ಕಾಲು ಭಾಗ ಗಾಳಿ ಅದ, ಅದರಾಗ ಓಝೋನ್ ನೂರು ಕೋಟಿಗೆ 30-40 ಭಾಗ ಇದ್ರ 6ರಿಂದ 8 ಡಾಬ್ಸನ್ ಯೂನಿಟ್ (ಒಟ್ಟು ಓಝೋನ್ ಅಳಿಯೂ ಮಾನ) ಆಗತದ. ಒಟ್ಟು 260ರ ಸುತ್ತಮುತ್ತ ಇರೂ ಕಡಿ ಇದು ಎರಡು ಮೂರು ಪರ್ಸೆಂಟ್. ಅಂದ್ರ ಎರಡೂ ಒಂದ ನಂಬರ್ ಕೊಟ್ರ ಆವಾಗ ಸಂಶಯ ಪಡಬೇಕು!

ತುಂಗಾ_ತೀರ

ನಾನು ಈ ಫೀಲ್ಡಿನವನಲ್ಲ, ಓದ್ತಾ ಓದ್ತಾ ಒಂದು ಅನುಮಾನ ಬಂತು, ಕೇಳ್ತೀನಿ. ಡೇಟಾ ಬಂದ್ಮೇಲೆ ಹೀಗೆ ತಿದ್ದುತ್ತಾರೆ ಅಂದ್ರೆ ತಮಗೆ ಬೇಕಾದ ಉತ್ತರದ ಕಡೆಗೆ ತಿದ್ದಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ? ಅಂಟಾರ್ಕ್ಟಿಕಾ ಓಝೋನ್ ರಂಧ್ರನ ನಾಸಾ ಕಂಪ್ಯೂಟರೇ ತಪ್ಪು ಡೇಟಾ ಅಂತ ಎಸೆದುಬಿಟ್ಟಿತ್ತು, ಬ್ರಿಟಿಷರು ಹೇಳೋವರೆಗೂ ಗೊತ್ತಾಗ್ಲಿಲ್ಲ ಅಂತ ಎಲ್ಲಾ ಕಡೆ ಓದಿದೀನಿ, ಅದು ನಿಜಾನಾ?

ತರಂಗಾಂತರ

ಎಸೆದುಬಿಟ್ಟಿತ್ತು ಅನ್ನೋದು ಸುಳ್ಳು, ಈ ಕಥೆ ಎಷ್ಟು ಸಲ ಕೇಳಿದ್ರೂ ನನಗೆ ಬೇಜಾರಾಗುತ್ತೆ, ಯಾಕಂದ್ರೆ ಅಲ್ಲಿ ಕೆಲಸ ಮಾಡಿದವರಿಗೆ ಅನ್ಯಾಯ. ಟಾಮ್ಸ್ ಪ್ರೋಗ್ರಾಂನಲ್ಲಿ 180 ಡಾಬ್ಸನ್ ಯೂನಿಟ್‌ಗಿಂತ ಕೆಳಗೆ ಬಂದ್ರೆ ಒಂದು ಗುರುತು ಹಾಕು ಅಂತ ಇತ್ತು. ಅಲ್ಲಿವರೆಗೆ ಅಷ್ಟು ಕಮ್ಮಿ ಯಾರೂ ಕಂಡಿರಲಿಲ್ಲ. ಗುರುತು ಬಿದ್ದ ಡೇಟಾ ಫೈಲ್‌ನಲ್ಲೇ ಇತ್ತು. 1983ರ ಅಕ್ಟೋಬರ್‌ನ ಡೇಟಾದಲ್ಲಿ ಆ ಗುರುತುಗಳು ಅಂಟಾರ್ಕ್ಟಿಕಾ ಮೇಲೆ ರಾಶಿ ಬಿದ್ದಿದ್ದನ್ನ ತಂಡದವರು ಗಮನಿಸಿದ್ರು, ನೆಲದ ಅಳತೆ ಜೊತೆ ಹೋಲಿಸೋಣ ಅಂತ ದಕ್ಷಿಣ ಧ್ರುವದ ಡಾಬ್ಸನ್ ಡೇಟಾ ನೋಡಿದ್ರೆ ಅದು 300ರ ಸುತ್ತ ತೋರಿಸ್ತಿತ್ತು. ಆ ಧ್ರುವದ ಓದೇ ತಪ್ಪು ಅಂತ ಗೊತ್ತಾಗಿದ್ದು ಆಮೇಲೆ. ಉಪಗ್ರಹ ಒಂದು ಹೇಳುತ್ತೆ, ನೆಲ ಇನ್ನೊಂದು ಹೇಳುತ್ತೆ, ಅಂಥ ಹೊತ್ತಲ್ಲಿ ಅವಸರ ಮಾಡದೇ ಇದ್ದಿದ್ದು ಸರಿ ಅಂತಾನೇ ನಾನು ಹೇಳ್ತೀನಿ. ಅಷ್ಟರಲ್ಲಿ 1985ರ ಮೇ ತಿಂಗಳಲ್ಲಿ ಬ್ರಿಟನ್ನಿನ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಮೂವರು ಅಂಟಾರ್ಕ್ಟಿಕಾದ ಹ್ಯಾಲಿ ಬೇ ಕೇಂದ್ರದ ಡಾಬ್ಸನ್ ಓದುಗಳನ್ನ ಪ್ರಕಟ ಮಾಡಿದ್ರು. ಅದೇ ಆಗಸ್ಟ್‌ನಲ್ಲಿ ಪ್ರಾಗ್ ಸಮ್ಮೇಳನದಲ್ಲಿ ನಾಸಾ ತಂಡದ ಪವನ್ ಭಾರ್ತಿಯಾ ಉಪಗ್ರಹದ ನಕ್ಷೆ ತೋರಿಸಿದ್ರು, ರಂಧ್ರ ಇಡೀ ಖಂಡದಷ್ಟು ಅಗಲ ಇದೆ ಅಂತ ಜಗತ್ತಿಗೆ ಕಂಡಿದ್ದು ಆಗ.

ಬೇಕಾದ ಕಡೆಗೆ ತಿದ್ದೋ ಪ್ರಶ್ನೆಗೆ ಬರ್ತೀನಿ. ಉಪಕರಣದಿಂದ ಬಂದ ಕಚ್ಚಾ ಎಣಿಕೆಯನ್ನ ಯಾರೂ ಮುಟ್ಟಲ್ಲ, ಅದು ಹಾಗೇ ಇರುತ್ತೆ. ತಿದ್ದುಪಡಿ ಅಂದ್ರೆ ಎಣಿಕೆಯಿಂದ ಓಝೋನ್‌ಗೆ ಹೋಗೋ ಸೂತ್ರದಲ್ಲಿ, ಯಾಕೆ ಬದಲಾಯಿಸಿದ್ವಿ ಅಂತ ಬರೆದಿಟ್ಟು, ವರ್ಷನ್ ನಂಬರ್ ಕೊಟ್ಟು, ಮೊದಲ ದಿನದಿಂದ ಎಲ್ಲಾ ಮತ್ತೆ ಲೆಕ್ಕ ಹಾಕ್ತಾರೆ. ಆಗ್ಲೇ ಹೇಳಿದ್ನಲ್ಲ, 1988ರಲ್ಲಿ ತಿದ್ದಿದಾಗ ಕುಸಿತ ಚಿಕ್ಕದಾಯ್ತು. ಭಯ ಹುಟ್ಟಿಸೋ ಉದ್ದೇಶ ಇದ್ದಿದ್ರೆ ದೊಡ್ಡದನ್ನೇ ಇಟ್ಕೋತಿದ್ರು.

ಇನ್ನೊಂದು, ರಂಧ್ರ ಬೇರೆ, ಜಗತ್ತಿನ ನಿಧಾನದ ಇಳಿಕೆ ಬೇರೆ. ಹ್ಯಾಲಿ ಬೇಯಲ್ಲಿ ಅಕ್ಟೋಬರ್ ಸರಾಸರಿ 300ರ ಆಸುಪಾಸಿಂದ 200ರ ಹತ್ತಿರಕ್ಕೆ ಬಿದ್ದಿತ್ತು. ಮೂರರಲ್ಲಿ ಒಂದು ಭಾಗ ಹೋಗೋದನ್ನ ಯಾವ ಕಂದು ತಟ್ಟೆನೂ ಹುಟ್ಟಿಸಲ್ಲ. ಕ್ಯಾಲಿಬ್ರೇಶನ್‌ನ ನಿಜವಾದ ಪರೀಕ್ಷೆ ಇರೋದು ಆ ದಶಕಕ್ಕೆ ಒಂದೆರಡು ಪರ್ಸೆಂಟ್‌ನಲ್ಲಿ. ಈಗ ಓಝೋನ್ ಚೇತರಿಸ್ಕೊಳ್ತಿರೋ ವೇಗನೂ ಅಷ್ಟೇ ಸಣ್ಣದು, ಹಾಗಾಗಿ ಈ ಕೆಲಸ ಮುಗಿದಿಲ್ಲ.

ತುಂಗಾ_ತೀರ

ಧನ್ಯವಾದ ಸರ್, ಇಷ್ಟು ವಿವರವಾಗಿ ಹೇಳಿದ್ದಕ್ಕೆ. ಧ್ರುವದ ಡಾಬ್ಸನ್ ವಿಷ್ಯ ನನಗೆ ಗೊತ್ತೇ ಇರಲಿಲ್ಲ.

ಚಾಮುಂಡಿ_ತಪ್ಪಲು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಾಗಾದ್ರೆ ನನ್ನ ಗ್ರಾಫ್‌ಗೆ ಏನು ಮಾಡ್ಲಿ? ಟಾಮ್ಸ್ ಮುಗಿದಲ್ಲಿಗೆ ಓಎಂಐ ಅಂಟಿಸಿದ್ರೆ ಆಗಲ್ವಾ?

ತರಂಗಾಂತರ

ಹಾಗೇ ಅಂಟಿಸಬೇಡಿ. ನಿಂಬಸ್-7 ಟಾಮ್ಸ್ 1993ರ ಮೇನಲ್ಲಿ ನಿಂತುಹೋಯ್ತು, ಮೀಟಿಯೋರ್-3 1994ರ ಕೊನೆಗೆ, ಅರ್ತ್ ಪ್ರೋಬ್ ಟಾಮ್ಸ್ ಶುರುವಾಗಿದ್ದು 1996ರ ಜುಲೈನಲ್ಲಿ. ಮಧ್ಯ ಟಾಮ್ಸ್ ಡೇಟಾನೇ ಇಲ್ಲ. ಅರ್ತ್ ಪ್ರೋಬ್‌ದಂತೂ 2000 ಆದ್ಮೇಲೆ ಸ್ಕ್ಯಾನ್ ಕನ್ನಡಿ ಕೆಡ್ತಾ ಬಂತು, ಅದೂ ಎಲ್ಲಾ ಕೋನಕ್ಕೆ ಒಂದೇ ಥರ ಅಲ್ಲ, ಆಮೇಲಿನ ವರ್ಷಗಳ ಡೇಟಾನ ಟ್ರೆಂಡ್‌ಗೆ ಬಳಸಬೇಡಿ ಅಂತ ನಾಸಾದವರೇ ಎಚ್ಚರಿಕೆ ಕೊಟ್ಟಿದ್ರು. ಓಎಂಐ ಉಪಕರಣ ಆಶ್ಚರ್ಯ ಆಗೋಷ್ಟು ಗಟ್ಟಿ, ಹನ್ನೊಂದು ವರ್ಷದಲ್ಲಿ ಭೂಮಿ ಕಡೆಯ ಸಿಗ್ನಲ್ ಒಂದೆರಡು ಪರ್ಸೆಂಟ್ ಅಷ್ಟೇ ಇಳಿದಿದ್ದು. ಆದ್ರೆ 2007ರ ಜೂನ್‌ನಿಂದ ಅದರ ನೋಟದ ಅಗಲನ ಹಂಚಿರೋ 60 ಸಾಲುಗಳಲ್ಲಿ ಕೆಲವಕ್ಕೆ ಹೊರಗಿಂದ ಏನೋ ಅಡ್ಡ ಬಂದಿದೆ, ಉಪಗ್ರಹದ ಹೊದಿಕೆಯ ತುಂಡು ಸಡಿಲ ಆಗಿರಬೇಕು ಅಂತ ಅಂದಾಜು, 2009ರ ಹೊತ್ತಿಗೆ ಅದು ಇನ್ನೂ ಹರಡ್ತು. ಫೈಲ್‌ನಲ್ಲಿ ಆ ಸಾಲುಗಳಿಗೆ ಫ್ಲ್ಯಾಗ್ ಇರುತ್ತೆ, ಅದನ್ನ ಓದಿ ಬಿಟ್ಬಿಡಿ.

ಉದ್ದದ ಟ್ರೆಂಡ್‌ಗೆ ಎಸ್‌ಬಿಯುವಿ ಸರಣಿಯ ಒಗ್ಗೂಡಿಸಿದ ಡೇಟಾ ತಗೊಳಿ, ಆ ಅಂಟಿಸೋ ಕೆಲಸನ ಅವರು ವರ್ಷಗಟ್ಟಲೆ ಕೂತು ಮಾಡಿದಾರೆ. ಟಾಮ್ಸ್, ಓಎಂಐ ಬೇಕೇ ಬೇಕು ಅಂದ್ರೆ, ಒಂದೊಂದನ್ನೂ ಬೇರೆ ಬೇರೆಯಾಗಿ ಕೊಡೈಕನಾಲ್ ಓದಿಂದ ಕಳೆದು, ಬರೀ ಆ ವ್ಯತ್ಯಾಸನ ಕಾಲಕ್ಕೆ ಎದುರಾಗಿ ಹಾಕಿ. ಅದು ಚಪ್ಪಟೆ ಇದ್ರೆ ಸರಿ, ಬೆಟ್ಟದ ಎತ್ತರದ 6-8 ಯೂನಿಟ್ ಸ್ಥಿರವಾಗಿ ಕೂತಿರುತ್ತೆ. ಓರೆಯಾಗಿದ್ರೆ ಇಬ್ಬರಲ್ಲಿ ಒಬ್ಬರು ಜಾರ್ತಿದಾರೆ. ಋತುಮಾನಕ್ಕೆ ಸರಿಯಾಗಿ ಏರಿಳಿದ್ರೆ ಗಾಬರಿ ಆಗಬೇಡಿ, ಡಾಬ್ಸನ್ ಲೆಕ್ಕದಲ್ಲಿ ಓಝೋನ್ ಪದರದ ಉಷ್ಣತೆ ಮೈನಸ್ 46.3 ಡಿಗ್ರಿ ಅಂತ ಒಂದೇ ಬೆಲೆ ಹಿಡಿದಿರ್ತಾರೆ, ನಿಜವಾದ ಉಷ್ಣತೆ ವರ್ಷದಲ್ಲಿ ಬದಲಾಗುತ್ತೆ. ವ್ಯತ್ಯಾಸನ ಸೂರ್ಯನ ಕೋನಕ್ಕೆ ಎದುರಾಗೂ ಒಂದು ಹಾಕಿ, ಮೋಡದ ಪ್ರಮಾಣಕ್ಕೆ ಎದುರಾಗೂ ಒಂದು ಹಾಕಿ. ಈ ಮೂರು ಚಿತ್ರ ತಗೊಂಡು ಮೇಡಂ ಹತ್ರ ಹೋಗಿ.

ಬೆಟ್ಟದ_ಬಿಸಿಲು

ಇದರ ಜೋಡಿ ಒಂದು ಮಾತು. ಟೊರಾಂಟೋದ ಜಾಗತಿಕ ಓಝೋನ್ ಡೇಟಾ ಕೇಂದ್ರದಿಂದ ಕೊಡೈಕನಾಲ್ ಫೈಲ್ ಇಳಿಸಿಕೊಂಡ್ರ, ಪ್ರತಿ ದಿನದ ಮುಂದ ಯಾವ ಜೋಡಿ, ಯಾವ ಥರದ ಓದು ಅಂತ ಕೋಡ್ ಇರತದ. ಎ-ಡಿ ಜೋಡಿಯ ನೇರ ಸೂರ್ಯನ ಓದು ಅಷ್ಟ ತಗೋರಿ. ಮೋಡ ಕವಿದ ದಿನ ನೆತ್ತಿಮ್ಯಾಲಿನ ಆಕಾಶ ನೋಡಿ ತಗೊಂಡ ಓದು ಅಷ್ಟು ಗಟ್ಟಿ ಅಲ್ಲ, ಜೂನ್‌ನಿಂದ ಮುಂದ ಅಂಥಾವು ಜಾಸ್ತಿ ಬರತಾವ. ಎಲ್ಲಾ ಕೂಡಿಸಿ ಸರಾಸರಿ ತಗದ್ರ ಮಳಿಗಾಲದ ಲೆಕ್ಕಾ ಕೆಡತದ.